ತೊಟ್ಟಿನ ಜಾಗಕ್ಕೊಂದು ಬೊಟ್ಟು

ನಮ್ಮ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಮೊದಲ ದಿನ ಹೇಳುತ್ತಿದ್ದದ್ದು ಒಂದೇ ಮಾತು. ಬೆಳಿಗ್ಗೆ ಬಂದ ಕೂಡಲೇ ಕನ್ನಡಿ ಒರೆಸಿ. ಡ್ರೆಸ್ಸಿಂಗ್ ಟ್ರೇ, ಕೇಸ್ ಶೀಟು, ಡಾಕ್ಟರ ಕಾಫಿ ಎಲ್ಲ ಆಮೇಲೆ. ವರ್ಷಗಟ್ಟಲೆ ಕನ್ನಡಿ ಕಂಡರೆ ಮುಖ ತಿರುಗಿಸಿಕೊಂಡು ಓಡಾಡಿದ ಹೆಂಗಸು ನಮ್ಮ ಕೋಣೆಯ ಆಳೆತ್ತರದ ಕನ್ನಡಿಯ ಮುಂದೆ ಮೊದಲ ಸಲ ಸೆರಗು ತೆಗೆದು ನಿಲ್ಲುತ್ತಾಳೆ. ಗಾಜಿನ ಮೇಲೆ ಯಾರದೋ ಬೆರಳಿನ ಗುರುತಿದ್ದರೂ ಅವಳಿಗೆ ಅದು ತನ್ನ ಮೈಮೇಲಿನ ಕಲೆಯಂತೆಯೇ ಕಾಣುತ್ತದೆ. ಇದನ್ನು ನರ್ಸಿಂಗ್ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ.

ನನ್ನ ಹೆಸರು ನಾಗವೇಣಿ. ಆಸ್ಪತ್ರೆಯಲ್ಲಿ ಎಲ್ಲರಿಗೂ ವೇಣಿ ಸಿಸ್ಟರ್. ಜಯನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ಆಯಸ್ಸೆಲ್ಲ ಕಳೆದು ನಿವೃತ್ತಳಾಗಿ, ಈಗ ವಸಂತಪುರದ ಮನೆಯಲ್ಲಿ ಬೆಳಿಗ್ಗೆ ಎದ್ದರೆ ಏನು ಮಾಡುವುದೆಂದು ತಿಳಿಯದೆ ತುಳಸಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಕುತ್ತಿದ್ದೇನೆ. ಕೊನೆಯ ಹದಿನೈದು ವರ್ಷ ನಾನಿದ್ದದ್ದು ಪ್ಲಾಸ್ಟಿಕ್ ಸರ್ಜರಿಯಲ್ಲಿ. ಹಾಗೆಂದರೆ ನೆಂಟರೆಲ್ಲ ಸಿನಿಮಾ ನಟಿಯರ ಮೂಗು ತಿದ್ದುವ ಕೆಲಸ ಎಂದುಕೊಂಡಿದ್ದರು. ನಮ್ಮ ಕೆಲಸವೇ ಬೇರೆ. ಸ್ತನ ಕ್ಯಾನ್ಸರ್ ಆದವರಿಗೆ ಸ್ತನ ತೆಗೆಯುವವರು ಮೇಲಿನ ಮಹಡಿಯವರು, ಮತ್ತೆ ಕಟ್ಟುವವರು ನಾವು. ಕಟ್ಟಿದ ಮೇಲೆ ಕಟ್ಟಕಡೆಗೆ ಉಳಿಯುವ ಕೆಲಸ ತೊಟ್ಟು. ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಅದೇ.

ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕೊನೆಯಲ್ಲಿ ಬಿಚ್ಚುವ ಜಾಣತನ ನನಗೆ ಬರದು. ನಿವೃತ್ತಿಗೆ ಮೂರು ವರ್ಷವಿರುವಾಗ ನನ್ನ ಎಡ ಸ್ತನಕ್ಕೂ ಕ್ಯಾನ್ಸರ್ ಬಂತು. ತೆಗೆದ ದಿನವೇ ನಮ್ಮವರು ಹೊಟ್ಟೆಯ ಚರ್ಮ, ಕೊಬ್ಬು ತಂದು ಮತ್ತೆ ಕಟ್ಟಿಕೊಟ್ಟರು. ಆಮೇಲೆ ಕರೆಂಟು ಕೊಟ್ಟರು. ನಮ್ಮ ಜನ ರೇಡಿಯೇಷನ್ನಿಗೆ ಹೇಳುವುದು ಹಾಗೆ. ತೊಟ್ಟು ಮಾತ್ರ ಮಾಡಿಸಿಕೊಳ್ಳಲಿಲ್ಲ. ಎಷ್ಟೋ ಹೆಂಗಸರಿಗೆ ದಾರಿ ತೋರಿಸಿದವಳು ನನ್ನ ವಿಷಯದಲ್ಲಿ ಇವತ್ತು ನಾಳೆ ಎನ್ನುತ್ತ ಐದು ವರ್ಷ ತಳ್ಳಿದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

ಇನ್ನು ಮೊದಲಿನಿಂದ ಹೇಳುತ್ತೇನೆ. ಆಗ ನಮ್ಮ ವಿಭಾಗದ ಮುಖ್ಯಸ್ಥೆಯನ್ನು ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದೆವು. ಆಳು ಕುಳ್ಳಗೆ, ಗಂಟಲು ಮಾತ್ರ ದೊಡ್ಡದು. ನಾನು ಸೇರಿದ ವಾರ ಒಬ್ಬ ರೋಗಿಗೆ ವಿವರಿಸುತ್ತ "ಅದು", "ಮುಂದಿನ ಭಾಗ" ಎಂದೆಲ್ಲ ತಡವರಿಸುತ್ತಿದ್ದೆ. ಅವರು ಹೋದ ಮೇಲೆ ಮೇಡಂ ನನ್ನನ್ನು ಹಿಡಿದುಕೊಂಡರು.

"ಏನಮ್ಮ, ಪದ ಹೇಳೋಕೆ ನಿಂಗೇ ನಾಚಿಕೆ ಆದ್ರೆ ಅವರು ಯಾರನ್ನ ಹೋಗಿ ಕೇಳ್ಬೇಕು? ಮೊಲೆತೊಟ್ಟು ಅನ್ನು. ಗಟ್ಟಿಯಾಗಿ. ಹತ್ತು ಸಲ."

ಹೇಳಿದೆ. ಐದನೆಯ ಸಲಕ್ಕೆ ಬಾಗಿಲ ಹೊರಗೆ ಗಾಲಿಕುರ್ಚಿ ತಳ್ಳಿಕೊಂಡು ಬಂದಿದ್ದ ಅಟೆಂಡರು ಕುರ್ಚಿಯನ್ನು ಅಲ್ಲೇ ಬಿಟ್ಟು ಪರಾರಿಯಾದ. ನಾಚಿಕೆಯೂ ಅವತ್ತೇ ಅವನ ಹಿಂದೆಯೇ ಹೋಯಿತು.

ಆ ಕಾಲದಲ್ಲಿ ನಾವು ಹೆಚ್ಚಾಗಿ ಮಾಡುತ್ತಿದ್ದದ್ದು ಹೊಲಿಗೆಯ ತೊಟ್ಟು. ಕಟ್ಟಿದ ಸ್ತನ ಊತ ಇಳಿದು ತನ್ನ ಜಾಗದಲ್ಲಿ ಕೂರಲು ಕೆಲವು ತಿಂಗಳು ಬೇಕು. ಅವಸರ ಮಾಡಿ ಮೊದಲೇ ತೊಟ್ಟು ಇಟ್ಟರೆ ಆಮೇಲೆ ಅದು ಎಲ್ಲೋ ನೋಡುತ್ತಿರುತ್ತದೆ. ಕಾದು, ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಅಲ್ಲಿನ ಚರ್ಮವನ್ನೇ ರೆಕ್ಕೆಯ ಹಾಗೆ ಎತ್ತಿ, ವೀಳ್ಯದೆಲೆ ಮಡಿಚಿದ ಹಾಗೆ ಸುತ್ತಿ ಹೊಲಿಯುತ್ತಾರೆ. ಸಂಜೆಗೆ ಮನೆ. ಬಟ್ಟೆ ಒತ್ತಬಾರದೆಂದು ನಡುವೆ ತೂತಿಟ್ಟ ದಪ್ಪ ಗಾಜ್ ಬ್ಯಾಂಡೇಜು ಕಟ್ಟುತ್ತಿದ್ದೆವು, ನಾವು ಅದನ್ನು ವಡೆ ಎನ್ನುತ್ತಿದ್ದೆವು. ಹೀಗೆ ಮಾಡಿದ ತೊಟ್ಟು ತಿಂಗಳುಗಳಲ್ಲಿ ಸುಮಾರು ಅರ್ಧ ಕುಗ್ಗುತ್ತದೆ. ಹಾಗಾಗಿ ಮೊದಲ ದಿನ ಬೇಕೆಂದೇ ದೊಡ್ಡದು ಮಾಡಿರುತ್ತಾರೆ. ಮುಂಚೆ ಹೇಳದಿದ್ದರೆ ವಡೆ ಬಿಚ್ಚಿದಾಗ ಹೆದರಿಬಿಡುತ್ತಾರೆ. ಇನ್ನೊಂದು ಕಡೆಯ ತೊಟ್ಟು ದೊಡ್ಡದಿದ್ದರೆ ಅದರಲ್ಲಿ ಸ್ವಲ್ಪ ತೆಗೆದು ಇಲ್ಲಿ ಕೂರಿಸುವುದೂ ಉಂಟು. "ಇರೋ ಒಂದನ್ನೂ ಕೆಡಿಸ್ಕೊಳ್ಳೋದಾ?" ಎಂದು ಬೇಡವೆಂದವರೇ ಜಾಸ್ತಿ. ಸುತ್ತಲಿನ ಕಪ್ಪು ವೃತ್ತಕ್ಕೆ ಆಗ ತೊಡೆಸಂದಿನ ಚರ್ಮ ತಂದು ಹಾಕುತ್ತಿದ್ದರು. ಯಾವುದನ್ನು ಮಾಡಿದರೂ ಮೊದಲಿನ ಸ್ಪರ್ಶ ಬರುವುದಿಲ್ಲ ಎಂದುಕೊಳ್ಳಿ. ಇದನ್ನು ಸಂಕೋಚವಿಲ್ಲದೆ ಮುಂಚೆಯೇ ಹೇಳಬೇಕು. ಆಸೆ ಹುಟ್ಟಿಸಿ ಆಮೇಲೆ ಸಮಾಧಾನ ಹೇಳುವುದು ಮೋಸ.

ಈಗ ನನ್ನ ತಪ್ಪಿನ ವಿಷಯ. ಶಾರದಾ ಟೀಚರ್ ಎಂದು ಜಯನಗರದವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ತೊಟ್ಟಿನ ಜಾಗವನ್ನು ರೋಗಿ ನೆಟ್ಟಗೆ ನಿಂತಾಗಲೇ ಗುರುತು ಮಾಡಬೇಕು, ಮಲಗಿದರೆ ಸ್ತನ ಕಂಕುಳ ಕಡೆಗೆ ಜಾರುತ್ತದೆ. ದೊಡ್ಡ ಮೇಡಂ ನಿಲ್ಲಿಸಿ, ಸ್ಕೇಲಿಟ್ಟು ಅಳೆದು ಪೆನ್ನಿನಲ್ಲಿ ಗುರುತು ಹಾಕಿ ಕೈ ತೊಳೆಯಲು ಹೋದರು. ನಾನು ಟೇಬಲ್ಲಿನ ಮೇಲೆ ಮಲಗಿಸಿ, ಶುದ್ಧ ಮಾಡುವ ಉತ್ಸಾಹದಲ್ಲಿ ಸ್ಪಿರಿಟ್ ಹಾಕಿ ಚೆನ್ನಾಗಿ ಉಜ್ಜಿದೆ. ಗುರುತು ಮಾಯ. ಹೇಳಿ ಬೈಸಿಕೊಳ್ಳುವ ಬದಲು, ನೆನಪಿದ್ದ ಕಡೆ ನಾನೇ ಮತ್ತೆ ಚುಕ್ಕೆ ಇಟ್ಟೆ. ಮಲಗಿದ್ದವರ ಮೇಲೆ.

ವಡೆ ಬಿಚ್ಚಿ ಟೀಚರ್ ಕನ್ನಡಿ ಮುಂದೆ ನಿಂತ ದಿನ ಗೊತ್ತಾಯಿತು. ತೊಟ್ಟು ಒಂದು ಬೆರಳಗಲ ಆಚೆ ಹೋಗಿತ್ತು. ನಾನು ಅತ್ತುಕೊಂಡು ಒಪ್ಪಿಕೊಂಡೆ. ಮೇಡಂ ಬಾಯಿಗೆ ಬಂದ ಹಾಗೆ ಬೈದರು. ಟೀಚರ್ ಮಾತ್ರ ಕನ್ನಡಿ ನೋಡುತ್ತ ನಿಧಾನವಾಗಿ ಹೇಳಿದರು: "ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡೋ ಅವಸರದಲ್ಲೂ ಹಣೆಗೆ ಬೊಟ್ಟು ನಡು ಮಧ್ಯ ಇಡ್ತೀನಿ ಡಾಕ್ಟ್ರೇ, ಅಳತೆ ಪಟ್ಟಿ ಇಲ್ದೆ. ಇದನ್ನೂ ನನ್ನ ಕೈಗೇ ಕೊಟ್ಟಿದ್ರೆ ಸರಿಯಾಗಿ ಇಡ್ತಿದ್ದೆ."

ಮೇಡಂ ನನ್ನನ್ನು ಬೈಯುವುದು ಬಿಟ್ಟು ಟೀಚರ ಹಣೆಯ ಬೊಟ್ಟು ನೋಡಿದರು. ಮಾರನೆಯ ದಿನ ನನ್ನನ್ನು ಫ್ಯಾನ್ಸಿ ಸ್ಟೋರಿಗೆ ಕಳಿಸಿ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ತರಿಸಿದರು. ಅಂದಿನಿಂದ ನಮ್ಮಲ್ಲಿ ಅದೇ ಪದ್ಧತಿಯಾಯಿತು. ರೋಗಿ ಕನ್ನಡಿ ಮುಂದೆ ನಿಲ್ಲುತ್ತಾಳೆ, ನಾವು ಪ್ಯಾಕೆಟ್ ಕೊಟ್ಟು ಪಕ್ಕಕ್ಕೆ ಸರಿಯುತ್ತೇವೆ. ಇರುವ ತೊಟ್ಟನ್ನು ನೋಡಿಕೊಂಡು ಇಲ್ಲದ ತೊಟ್ಟಿನ ಜಾಗಕ್ಕೆ ಅವಳೇ ಬೊಟ್ಟು ಅಂಟಿಸುತ್ತಾಳೆ. ಆಮೇಲೆ ಡಾಕ್ಟರು ಅಳೆದು ಬರೆದುಕೊಳ್ಳುತ್ತಾರೆ. ತೀರ್ಮಾನ ಮಾಡುವ ದಿನ ಒಮ್ಮೆ, ಆಪರೇಷನ್ನಿನ ಹಿಂದಿನ ದಿನ ಇನ್ನೊಮ್ಮೆ. ಸ್ಕೇಲು ಒಂದು ಹೇಳಿ ಹೆಂಗಸಿನ ಕೈ ಇನ್ನೊಂದು ಹೇಳಿದರೆ ಮೇಡಂ ಕೈಯನ್ನೇ ನಂಬುತ್ತಿದ್ದರು. ಟೀಚರಿಗೂ ಆರು ತಿಂಗಳ ಮೇಲೆ ಅವರೇ ಬೊಟ್ಟಿಟ್ಟ ಜಾಗಕ್ಕೆ ಸರಿಪಡಿಸಿಕೊಟ್ಟರು.

ಪದ್ಧತಿ ಚೆನ್ನಾಗಿತ್ತು. ನಾನು ಮಾತ್ರ ತಲೆ ಉಪಯೋಗಿಸಲಿಲ್ಲ. ಸುಬ್ರಹ್ಮಣ್ಯಪುರದಲ್ಲಿ ಬ್ಲೌಸ್ ಹೊಲಿಯುವ ಮುನಿರತ್ನಮ್ಮ ಬಂದಾಗ ಎಲ್ಲರಿಗೂ ಕೊಟ್ಟ ಹಾಗೆ ಅವರ ಕೈಗೂ ಮೆರೂನ್ ಬೊಟ್ಟಿನ ಪ್ಯಾಕೆಟ್ ಚಾಚಿದೆ. ಅವರ ಕೈ ಹಿಂದಕ್ಕೆ ಹೋಯಿತು.

"ಸಿಸ್ಟರ್, ನಮ್ಮನೆಯವರು ಹೋಗಿ ಎಂಟು ವರ್ಷ ಆಯ್ತು," ಎಂದರು.

ಹಣೆ ನೋಡಿರಲಿಲ್ಲ ನಾನು. ಎದೆಯನ್ನಷ್ಟೇ ನೋಡಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಾಯಕ್ಕೆ ಹಾಕುವ ಬಿಳಿ ಟೇಪನ್ನು ಗುಂಡಗೆ ಕತ್ತರಿಸಿಕೊಟ್ಟೆ. ಬ್ಲೌಸಿನ ಎದೆಯ ಮಡಿಕೆಗೆ ತೊಟ್ಟಿನ ನೇರ ನೋಡಿ ಟಕ್ಸ್ ಹಿಡಿದು ಪಳಗಿದ ಕೈ, ಒಂದೇ ಸಲಕ್ಕೆ ಸರಿಯಾಗಿ ಅಂಟಿಸಿದರು. ಅವರು ಹೋದ ಮೇಲೆ ಒಂದು ರಟ್ಟಿನ ಮೇಲೆ ನನ್ನ ಅಕ್ಷರದಲ್ಲೇ ಬರೆದು ಬೀರುವಿನ ಒಳಬಾಗಿಲಿಗೆ ಅಂಟಿಸಿದೆ: ಗಂಡ ತೀರಿಕೊಂಡವರಿಗೆ ಬಿಳಿ ಟೇಪು, ಬೊಟ್ಟಿನ ಮಾತೆತ್ತಬೇಡಿ.

ಆಪರೇಷನ್ನಿನ ಹಿಂದಿನ ದಿನ ರತ್ನಮ್ಮ ಮತ್ತೆ ಅಳತೆಗೆ ಬಂದರು. ಬಿಳಿ ಟೇಪು ಕತ್ತರಿಸಿ ಸಿದ್ಧವಾಗಿ ಇಟ್ಟುಕೊಂಡಿದ್ದೆ. ಅವರು ಅದನ್ನೊಮ್ಮೆ ನೋಡಿದರು, ಟ್ರೇಯಲ್ಲಿದ್ದ ಪ್ಯಾಕೆಟ್ಟನ್ನೊಮ್ಮೆ ನೋಡಿದರು.

"ಆ ಮೆರೂನ್‌ದೇ ಇಲ್ಲಿ ಕೊಡಿ ಸಿಸ್ಟರ್."

"ಬೇಡ ಅಂದಿದ್ರಲ್ಲ ರತ್ನಮ್ಮ?"

"ಹಣೆಗಿಟ್ರೆ ಜನ ನೋಡ್ತಾರೆ. ಇಲ್ಲಿಟ್ರೆ ಯಾರ್ ನೋಡ್ತಾರೆ? ಕೊಡಿ, ದೊಡ್ಡದೇ ಕೊಡಿ."

ಇಟ್ಟುಕೊಂಡು ಕನ್ನಡಿ ನೋಡಿ ನಗಲು ಶುರು ಮಾಡಿದರು. ನಾನೂ ನಕ್ಕೆ. ಅಳತೆಗೆಂದು ಬಂದ ದೊಡ್ಡ ಮೇಡಂ ಏನೂ ಅರ್ಥವಾಗದೆ ಅವರೂ ನಕ್ಕರು. ಅಳೆದಾದ ಮೇಲೆ ನಾನು ಬೊಟ್ಟು ಕೀಳಲು ಹೋದರೆ ರತ್ನಮ್ಮ ಅಂಗೈ ಅಡ್ಡ ಹಿಡಿದರು. "ಇರ್ಲಿ ಬಿಡಿ. ಮನೆ ತನಕ ಇರ್ಲಿ." ಬ್ಲೌಸಿನ ಒಳಗೆ ಬೊಟ್ಟಿಟ್ಟುಕೊಂಡು ಬಸ್ಸು ಹತ್ತಿದರು. ಅವತ್ತು ನಾನು ಆ ರಟ್ಟನ್ನು ಕಿತ್ತು ಬಿಸಾಡಬೇಕಿತ್ತು. ಅದು ನನ್ನ ಸೌಜನ್ಯ ಎಂದೇ ನಂಬಿದ್ದರಿಂದ ಬಿಸಾಡಲಿಲ್ಲ.

ಆಮೇಲೆ ಹಚ್ಚೆ ಬಂತು. ಚರ್ಮದ ಒಳಗೆ ಬಣ್ಣ ತುಂಬುವ ಯಂತ್ರವನ್ನು ಮೇಡಂ ತರಿಸಿ, ಕಲಿಯಲು ನನ್ನನ್ನು ಮುಂದೆ ದೂಡಿದರು. ತೊಡೆಯ ಚರ್ಮ ತೆಗೆಯುವ ಗೋಳು ತಪ್ಪಿತು. ಹೊಲಿದ ತೊಟ್ಟಿಗೆ, ಸುತ್ತಲ ವೃತ್ತಕ್ಕೆ ಬಣ್ಣ ಹಾಕಿದರಾಯಿತು. ಕರೆಂಟು ಕೊಟ್ಟ ಚರ್ಮಕ್ಕೆ ಹೊಲಿಗೆ ಮಾಡಿದರೆ ಗಾಯ ಬೇಗ ಮಾಯುವುದಿಲ್ಲ. ಅಂಥವರಿಗೆ, ಇನ್ನು ಕತ್ತಿ ಬೇಡ ಎನ್ನುವವರಿಗೆ, ಬರೀ ಹಚ್ಚೆಯಲ್ಲೇ ಬೆಳಕು ನೆರಳು ಕೊಟ್ಟು ತೊಟ್ಟು ಉಬ್ಬಿದ ಹಾಗೆ ಕಾಣಿಸಬಹುದು. ಮುಟ್ಟಿದರೆ ಸಮತಟ್ಟು, ನೋಡಿದರೆ ತೊಟ್ಟು. ವರ್ಷಗಳು ಹೋದಂತೆ ಮಾಸುತ್ತದೆ, ಮತ್ತೆ ತಿದ್ದಬೇಕು.

ಯಂತ್ರದ ಜೊತೆ ಬಂದ ಬಣ್ಣಗಳೋ, ಎರಡು ಗುಲಾಬಿ, ಒಂದು ಬಿಸ್ಕತ್ತು. ನಮ್ಮ ಹೆಂಗಸರ ಮೈಗೆ ಅವು ಯಾವ ಮೂಲೆಗೆ? ಕಂದು ಬಣ್ಣ ತರಿಸಿ ನಾನೇ ಬೆರೆಸಿದೆ. ಮೊದಲ ರೋಗಿಗೆ ಹಾಕಿದಾಗ ಸರಿಯಾಗೇ ಕಂಡಿತು. ತಿಂಗಳ ಮೇಲೆ ಬಂದಾಗ ನೋಡಿದರೆ, ತೊಳೆದು ತೊಳೆದು ಬಿಳಿಚಿದ ಲಂಗದ ಹಾಗಾಗಿತ್ತು. ಮನೆಗೆ ಹೋಗಿ ಮುಖ ಊದಿಸಿಕೊಂಡು ಕೂತೆ. ನಮ್ಮನೆಯವರು ಬನಶಂಕರಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು.

"ಬಣ್ಣ ಯಾವ ಬೆಳಕಲ್ಲಿ ಬೆರೆಸ್ದೆ?" ಎಂದು ಕೇಳಿದರು.

"ಟ್ಯೂಬ್‌ಲೈಟಲ್ಲಿ."

"ಹಂಗಾದ್ರೆ ಜೀವನಪೂರ್ತಿ ಟ್ಯೂಬ್‌ಲೈಟ್ ಕೆಳಗೇ ಇರೋಕೆ ಹೇಳು ಆಯಮ್ಮಂಗೆ."

ಸಿಟ್ಟು ಬಂತು, ಆದರೆ ಮಾತು ನಿಜ. ಭಾನುವಾರ ನಮ್ಮ ಮನೆಯ ಪೂರ್ವದ ಕಿಟಕಿಯ ಹತ್ತಿರ ಬಣ್ಣದ ಡಬ್ಬಿ ಹಿಡಿದು ಕೂತರು. ನಮ್ಮ ಹೆಂಗಸರು ತಮ್ಮ ಬಣ್ಣಕ್ಕೆ ಹೇಳುತ್ತಿದ್ದ ಹೆಸರುಗಳನ್ನು ನಾನು ಒಂದೊಂದಾಗಿ ಹೇಳಿದೆ: ಹೊಸ ಹುಣಸೆಹಣ್ಣು, ಹಳೇ ಹುಣಸೆಹಣ್ಣು, ಹುರಿದ ರಾಗಿ, ಜೋನಿಬೆಲ್ಲ, ಕಾಫಿ ಡಿಕಾಕ್ಷನ್. ಡ್ರಾಯಿಂಗ್ ಹಾಳೆಯ ಉದ್ದನೆಯ ಪಟ್ಟಿಯ ಮೇಲೆ ಒಂದೊಂದಕ್ಕೆ ಒಂದೊಂದು ಮನೆ ಮಾಡಿ ಬಣ್ಣ ತುಂಬಿ, ಕೆಳಗೆ ಯಾವುದಕ್ಕೆ ಯಾವುದು ಎಷ್ಟು ಸೇರಿಸಬೇಕೆಂದು ಬರೆದುಕೊಟ್ಟರು. ಮಾಯ್ದ ಮೇಲೆ ತಿಳಿಯಾಗುವುದರಿಂದ ಒಂದು ಮಟ್ಟ ಗಾಢ ಹಾಕು ಎಂದರು. ಬೆಳಕು ನೆರಳು ಕಲಿಸಲು ನನ್ನ ಕೈಲಿ ನಿಂಬೆಹಣ್ಣು ಬರೆಸಿದರು. ನನ್ನ ನಿಂಬೆಹಣ್ಣು ಆಲೂಗಡ್ಡೆಯ ಹಾಗೆ ಬರುತ್ತಿತ್ತು. ಹಿಂದೆ ನಿಂತು ನನ್ನ ಕೈ ಮೇಲೆ ಕೈಯಿಟ್ಟು ಪೆನ್ಸಿಲ್ ನಡೆಸುತ್ತಿದ್ದರು. ಆ ಭಾನುವಾರಗಳಲ್ಲಿ ಒಂದೇ ಒಂದು ಮತ್ತೆ ಸಿಕ್ಕರೆ ನನಗೆ ಬೇರೇನೂ ಬೇಡ.

ಆ ಪಟ್ಟಿ ಹಿಡಿದು ಕೆಲಸ ಮಾಡಿದ ವರ್ಷಗಳೇ ನನ್ನ ಒಳ್ಳೆಯ ವರ್ಷಗಳು. ಹೆಂಗಸರು ಕಿಟಕಿಯ ಬಳಿ ನಿಂತು ಪಟ್ಟಿಯನ್ನು ಮೈಗೆ ಹಿಡಿದು, ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ಆರಿಸುವ ಹಾಗೆ ಆರಿಸುತ್ತಿದ್ದರು. ಹಚ್ಚೆಯೂ ಬೇಡ ಎಂದವರಿಗೆ ಅಂಟಿಸಿಕೊಳ್ಳುವ ಸಿಲಿಕೋನ್ ತೊಟ್ಟು ತೋರಿಸುತ್ತಿದ್ದೆ. ಒಬ್ಬರು ಅದನ್ನು ಮದುವೆ ಮುಂಜಿಗೆ ಮಾತ್ರ ಒಡವೆ ಜೊತೆ ಬೀರುವಿನಿಂದ ತೆಗೆದು ಅಂಟಿಸಿಕೊಳ್ಳುತ್ತಿದ್ದರು. ಇನ್ನೊಬ್ಬರು ಎಲ್ಲವನ್ನೂ ಕೇಳಿ, "ಬದುಕಿದೀನಲ್ಲ ಸಿಸ್ಟರ್, ಹಿಂಗೇ ಚೆನ್ನಾಗಿದೆ," ಎಂದು ಎದ್ದು ಹೋದರು. ಅವರನ್ನು ಒಲಿಸಲು ಹೋಗಬೇಡಿ ಹುಡುಗಿಯರೇ. ಬೇಡ ಎನ್ನುವುದೂ ಯೋಚಿಸಿ ಮಾಡಿದ ತೀರ್ಮಾನವೇ.

ನನ್ನದು ಮಾತ್ರ ಬೇಕೂ ಅಲ್ಲ, ಬೇಡವೂ ಅಲ್ಲ. ನನ್ನ ಆಪರೇಷನ್ ಆದ ಮೇಲೆ ಮನೆಯಲ್ಲಿ ಸೀರೆ ಬದಲಾಯಿಸುವಾಗ ಗೋಡೆಗೆ ಮುಖ ಮಾಡುತ್ತಿದ್ದೆ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನ ಎದುರು! ಅವರು ನೋಡಿಯೂ ನೋಡದ ಹಾಗೆ ಪೇಪರು ಮಡಿಚುತ್ತ ಹೊರಗೆ ಹೋಗುತ್ತಿದ್ದರು. ಒಂದು ಭಾನುವಾರ ನನ್ನ ಬ್ಯಾಗಿನಿಂದ ಆ ಪಟ್ಟಿ ತೆಗೆದುಕೊಂಡು ಕಿಟಕಿ ಹತ್ತಿರ ಕೂತರು. ಕೊನೆಯಲ್ಲಿ ಖಾಲಿಯಿದ್ದ ಜಾಗದಲ್ಲಿ ಇನ್ನೊಂದು ಮನೆ ಮಾಡಿ, ಬಹಳ ಹೊತ್ತು ಬೆರೆಸಿ ಬೆರೆಸಿ ಬಣ್ಣ ತುಂಬಿದರು.

"ಇದ್ಯಾವ ಬಣ್ಣ? ಹೆಸರೇ ಬರ್ದಿಲ್ಲ," ಎಂದೆ.

"ನಿಂಗೊತ್ತು. ಬೇಕು ಅನ್ಸಿದಾಗ ಇರ್ಲಿ. ಬೇಡ ಅನ್ಸಿದ್ರೂ ಇರ್ಲಿ."

ಐವತ್ತೇಳನೆಯ ವಯಸ್ಸಿನಲ್ಲಿ ನನ್ನ ಕಿವಿ ಬಿಸಿಯಾಯಿತು. "ಥೂ, ಈ ವಯಸ್ಸಲ್ಲಿ ಏನ್ರೀ ಇದು," ಎಂದು ಪಟ್ಟಿ ಕಿತ್ತುಕೊಂಡೆ. ರಿಟೈರ್ ಆಗಲಿ, ಆಮೇಲೆ ಸಮಾಧಾನವಾಗಿ ಮಾಡಿಸಿಕೊಳ್ಳೋಣ ಎಂದುಕೊಂಡೆ. ರಿಟೈರ್ ಆದೆ. ನಾಲ್ಕೇ ತಿಂಗಳಿಗೆ, ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಪೇಪರ್ ಎತ್ತಿಕೊಂಡವರು ಹಾಗೇ ಒರಗಿ ಹೋದರು. ಬಣ್ಣ ಬೆರೆಸಿಟ್ಟು ಕಾದವರಿಗೆ ನಾನು ಒಂದು ದಿನವೂ ತಿರುಗಿ ನಿಲ್ಲಲಿಲ್ಲ. ಹಗಲೆಲ್ಲ ನನ್ನನ್ನು ಕೊರೆಯುವುದು ಅದೊಂದೇ.

ನಾನು ನನ್ನ ಬೊಟ್ಟುಗಳನ್ನು ಅವರ ಶೇವಿಂಗ್ ಕನ್ನಡಿಗೆ ಅಂಟಿಸಿಡುತ್ತೇನೆಂದು ಅವರು ದಿನಾ ಗೊಣಗುತ್ತಿದ್ದರು. ಕೊನೆಯ ಬೊಟ್ಟು ಇನ್ನೂ ಆ ಕನ್ನಡಿಯ ಮೂಲೆಯಲ್ಲೇ ಇದೆ. ಇಡಬೇಡ ಎಂದು ನನಗೆ ಯಾರೂ ಹೇಳಲಿಲ್ಲ, ಕೈಯೇ ಬಿಟ್ಟಿತು. ತೊಟ್ಟಿನ ಯೋಚನೆಯನ್ನೂ ಹಾಗೇ ಬಿಟ್ಟೆ.

ಈಚೆಗೆ ಒಂದು ದಿನ ಬ್ಲೌಸ್ ಹೊಲಿಸಲು ಹೋದೆ. ಅಂದಿನಿಂದಲೂ ನನ್ನ ಬ್ಲೌಸ್ ಹೊಲಿಯುವುದು ರತ್ನಮ್ಮನೇ. ಟೇಪು ಹಿಡಿದವರು ಎಡಗಡೆಗೆ ಬಂದು ನಿಂತುಬಿಟ್ಟರು.

"ಈ ಕಡೆ ಟಕ್ಸ್ ಎಲ್ಲಿಗೆ ಹಿಡೀಲಿ ಸಿಸ್ಟರ್? ಪ್ರತಿ ಸಲಾನೂ ಅಂದಾಜಲ್ಲೇ ಹಿಡೀತಿದೀನಿ. ಊರಿಗೆಲ್ಲ ಹೇಳ್ಕೊಟ್ಟು ನೀವೇ ಹಿಂಗಿದೀರಲ್ಲ."

"ಇನ್ ಯಾರ್ ನೋಡ್ಬೇಕು ರತ್ನಮ್ಮ?"

ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಅವರು ಹೇಳಿದರು: "ನಂದು ನಾನೇ ನೋಡ್ಕೋತೀನಿ, ದಿನಾ. ಸ್ನಾನ ಮಾಡ್ವಾಗ. ನಿಮ್ ಪುಣ್ಯ ಅದು."

ಮನೆಗೆ ಬಂದು ಆಸ್ಪತ್ರೆಗೆ ಫೋನ್ ಮಾಡಿದೆ. ದೊಡ್ಡ ಮೇಡಂ ಈಗ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಹಚ್ಚೆಯ ಕೆಲಸ ನೋಡುವುದು ನಾನೇ ಕಲಿಸಿದ ಆಶಾ. ಅವಳೇ ಎತ್ತಿಕೊಂಡಳು. "ಬನ್ನಿ ಸಿಸ್ಟರ್, ಯಾವ ಪೇಷೆಂಟು?" ಎಂದಳು. ನಾನೇ ಎಂದೆ.

ಹೋದ ದಿನ ಕನ್ನಡಿ ಫಳಫಳ ಹೊಳೆಯುತ್ತಿತ್ತು, ಖುಷಿಯಾಯಿತು. ಆಶಾ ಎಲ್ಲ ದಾರಿಗಳನ್ನೂ ಒಂದೂ ಬಿಡದೆ ನನ್ನ ಮಾತುಗಳಲ್ಲೇ ನನಗೆ ಹೇಳಿದಳು. ಸ್ಪರ್ಶ ಬರಲ್ಲ ಎನ್ನುವುದನ್ನೂ ಹೇಳಿದಳು. ಕರೆಂಟು ಕೊಟ್ಟ ಚರ್ಮ, ಹೊಲಿಗೆ ಬೇಡ, ಬರೀ ಹಚ್ಚೆ ಸಾಕು ಎಂದೆ. ಸೆರಗು ತೆಗೆದು ನಿಂತೆ. ಎಷ್ಟೋ ಹೆಂಗಸರನ್ನು ನಾನೇ ನಿಲ್ಲಿಸಿದ ಜಾಗ ಅದು. ಆಶಾ ಬೀರು ತೆರೆದು, ನನ್ನ ಹಣೆಯನ್ನೊಮ್ಮೆ ನೋಡಿ, ಗುಂಡಗೆ ಕತ್ತರಿಸಿದ ಬಿಳಿ ಟೇಪನ್ನು ಕೈಗಿಟ್ಟಳು.

ಅವಳದೇನೂ ತಪ್ಪಿಲ್ಲ. ಬೀರುವಿನ ಬಾಗಿಲ ಒಳಗೆ ನನ್ನ ಅಕ್ಷರದ ರಟ್ಟು ಹಾಗೇ ಇತ್ತು. ಇಷ್ಟು ವರ್ಷ ಎಷ್ಟು ಜನರ ಕೈಗೆ ಕೇಳದೆ ಈ ಬಿಳಿ ಚೂರನ್ನು ಇಟ್ಟೆನೋ. ಅದು ಹೇಗಿರುತ್ತದೆಂದು ಅವತ್ತು ತಿಳಿಯಿತು. ನೋವಾಯಿತು.

"ಆ ರಟ್ಟು ಕಿತ್ತಾಕಮ್ಮ," ಎಂದೆ. "ಎರಡೂ ಮುಂದಿಡು. ಯಾವುದು ಬೇಕು ಅಂತ ಕೇಳು."

ಬ್ಯಾಗಿನಿಂದ ನನ್ನ ಅರ್ಧ ಖಾಲಿಯಾದ ಬೊಟ್ಟಿನ ಪ್ಯಾಕೆಟ್ ತೆಗೆದೆ. ಬಲಗಡೆ ನೋಡಿಕೊಂಡು ಎಡಗಡೆಗೆ ಒಂದನ್ನು ಅಂಟಿಸಿದೆ. ಎರಡು ವರ್ಷದ ಮೇಲೆ ಬೊಟ್ಟಿಟ್ಟ ಕೈ ತಪ್ಪಲಿಲ್ಲ. ಆಶಾ ಸ್ಕೇಲಿಟ್ಟು ಅಳೆದು, ಸರಿಯಾಗಿದೆ ಎಂದಳು. ಆಮೇಲೆ ಬಣ್ಣದ ಬಾಟಲಿಗಳನ್ನು ಸಾಲಾಗಿ ಜೋಡಿಸತೊಡಗಿದಳು. ನಾನು ಪಟ್ಟಿ ತೆಗೆದು ಕೊನೆಯ ಮನೆ ತೋರಿಸಿದೆ.

ಅವಳು ನನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಪಟ್ಟಿಯನ್ನು ಬಲಗಡೆಗೆ ಹಿಡಿದು ನೋಡಿದಳು. ಹತ್ತಿರ ಹಿಡಿದಳು, ದೂರ ಹಿಡಿದಳು.

"ಒಂಚೂರೂ ವ್ಯತ್ಯಾಸ ಇಲ್ಲ ಸಿಸ್ಟರ್! ನೋಡ್ಕೊಂಡು ಬೆರೆಸಿದ್ರೂ ನಂಗೆ ಇಷ್ಟು ಸರಿಯಾಗಿ ಬರ್ತಿರ್ಲಿಲ್ಲ. ಯಾರು ಬೆರೆಸಿದ್ದು?"

"ನೋಡಿದ್ದವರು," ಎಂದೆ.